ಒಬ್ಬರೇ ಹೊರಡುವ ಮೊದಲ ಕ್ರೂಸ್: ಸ್ಟುಡಿಯೊ ಕ್ಯಾಬಿನ್ನೋ, ಇಬ್ಬರ ಕ್ಯಾಬಿನ್ನೋ, ನದಿ ಹಡಗೋ?

ಕ್ರೂಸ್ ಕಂಪನಿಗಳು ತೋರಿಸುವ ‘ತಲಾ ದರ’ದ ಹಿಂದೆ ಒಂದು ಷರತ್ತಿದೆ: ಕ್ಯಾಬಿನ್‌ನಲ್ಲಿ ಇಬ್ಬರಿರಬೇಕು. ಒಬ್ಬರೇ ಹತ್ತಿದರೆ ಖಾಲಿ ಉಳಿಯುವ ಹಾಸಿಗೆಯ ದುಡ್ಡನ್ನೂ ಅವರೇ ಕಟ್ಟಬೇಕು. ಇದೇ ಸಿಂಗಲ್ ಸಪ್ಲಿಮೆಂಟ್. ಸಾಮಾನ್ಯವಾಗಿ ಇದು ಪೂರ್ತಿ ಇನ್ನೊಬ್ಬರ ದರ, ಅಂದರೆ ಒಟ್ಟು ಶೇ. 200. ಹಡಗು ತುಂಬದ ಕಾಲದಲ್ಲಿ ಶೇ. 150ಕ್ಕೋ 125ಕ್ಕೋ ಇಳಿಯುವುದೂ ಉಂಟು. ಹಾಗಾಗಿ ಮೊದಲ ಸಲ ಒಬ್ಬರೇ ಹೊರಟವರ ಮುಂದೆ ಮುಖ್ಯವಾಗಿ ಮೂರು ಆಯ್ಕೆಗಳಿವೆ: ದೊಡ್ಡ ಹಡಗಿನಲ್ಲಿ ಒಬ್ಬರಿಗೆಂದೇ ಕಟ್ಟಿದ ಸ್ಟುಡಿಯೊ ಕ್ಯಾಬಿನ್, ಮಧ್ಯಮ ಗಾತ್ರದ ಹಡಗಿನಲ್ಲಿ ಸಪ್ಲಿಮೆಂಟ್ ಕಟ್ಟಿ ತೆಗೆದುಕೊಳ್ಳುವ ಇಬ್ಬರ ಕ್ಯಾಬಿನ್, ಇಲ್ಲವೇ ನದಿ ಹಡಗು. ನಮ್ಮ ಒಲವು ಎರಡನೆಯದರ ಕಡೆಗೆ. ಅದಕ್ಕೆ ಕಾರಣ ದರಕ್ಕಿಂತ ಹೆಚ್ಚಾಗಿ ರಾತ್ರಿ ಊಟದ ಮೇಜು.

ಮೊದಲು ದರದ ಮಾತು ಮುಗಿಸೋಣ. ಶೇ. 200 ಎಂದ ಕೂಡಲೇ ಖರ್ಚೆಲ್ಲ ದುಪ್ಪಟ್ಟು ಎಂದು ಹೆದರಬೇಕಿಲ್ಲ. ಸಪ್ಲಿಮೆಂಟ್ ಬೀಳುವುದು ಮೂಲ ದರದ ಮೇಲೆ ಮಾತ್ರ. ಬಂದರು ಶುಲ್ಕ, ತೆರಿಗೆ, ದಿನದ ಟಿಪ್ಸ್ ಇವೆಲ್ಲ ಸಾಮಾನ್ಯವಾಗಿ ತಲೆಲೆಕ್ಕ. ಏಳು ರಾತ್ರಿಯ ತಲಾ ದರ 700, ಶುಲ್ಕ 150, ಟಿಪ್ಸ್ 120 ಎಂದಿಟ್ಟುಕೊಳ್ಳಿ. ಜೋಡಿಯಾಗಿ ಬಂದವರಿಗೆ ತಲಾ 970 ಆಗುತ್ತದೆ. ಒಬ್ಬರೇ ಬಂದವರಿಗೆ 1,400 ಜೊತೆ 150, 120 ಸೇರಿ 1,670. ಅಂದರೆ ಸುಮಾರು 1.7 ಪಟ್ಟು. ಪಾನೀಯ ಪ್ಯಾಕೇಜಿನಲ್ಲಿ ಒಬ್ಬರಿಗೆ ಒಂದು ಅನುಕೂಲವೂ ಇದೆ. ಒಂದೇ ಕ್ಯಾಬಿನ್‌ನ ಇಬ್ಬರು ವಯಸ್ಕರಲ್ಲಿ ಒಬ್ಬರು ಮದ್ಯದ ಪ್ಯಾಕೇಜ್ ಕೊಂಡರೆ ಇನ್ನೊಬ್ಬರೂ ಕೊಳ್ಳಲೇಬೇಕು ಎಂಬ ನಿಯಮ ಹಲವು ಕಂಪನಿಗಳಲ್ಲಿದೆ. ಒಬ್ಬರೇ ಇದ್ದರೆ ಆ ಗೋಜಿಲ್ಲ.

ಹೋಲಿಸುವಾಗ ಜಾಹೀರಾತಿನ ಅಂಕಿಯನ್ನು ಬಿಟ್ಟುಬಿಡಿ. ಕಂಪನಿಯ ವೆಬ್‌ಸೈಟಿನಲ್ಲಿ ಪ್ರಯಾಣಿಕರ ಸಂಖ್ಯೆ 1 ಎಂದು ಹಾಕಿ, ದುಡ್ಡು ಕಟ್ಟುವ ಪುಟದವರೆಗೂ ಹೋಗಿ, ಅಲ್ಲಿ ಬರುವ ಮೊತ್ತಕ್ಕೆ ಟಿಪ್ಸ್ ಸೇರಿಸಿ, ರಾತ್ರಿಗಳಿಂದ ಭಾಗಿಸಿ. ಅದೇ ಹಡಗು, ಅದೇ ತಾರೀಖಿಗೆ ಸ್ಟುಡಿಯೊ, ಕಿಟಕಿಯಿಲ್ಲದ ಒಳ ಕ್ಯಾಬಿನ್, ಕಿಟಕಿಯ ಕ್ಯಾಬಿನ್ ಮೂರಕ್ಕೂ ಹೀಗೇ ಮಾಡಿ. ಫಲಿತಾಂಶ ಎಷ್ಟೋ ಸಲ ಅಚ್ಚರಿ ತರುತ್ತದೆ.

ಏಕೆಂದರೆ ಸ್ಟುಡಿಯೊ ಎಂದರೆ ಅಗ್ಗ ಎಂಬ ನಂಬಿಕೆ ಯಾವಾಗಲೂ ನಿಜವಲ್ಲ. 2010ರಲ್ಲಿ ಸಂಚಾರ ಶುರುಮಾಡಿದ ನಾರ್ವೀಜಿಯನ್ ಎಪಿಕ್ ಹಡಗಿನಲ್ಲಿ ಇಂಥ 128 ಕ್ಯಾಬಿನ್‌ಗಳಿದ್ದವು. ಒಂದೊಂದೂ ಸುಮಾರು 100 ಚದರ ಅಡಿ, ಕಿಟಕಿ ತೆರೆಯುವುದು ಕಾರಿಡಾರಿನ ಕಡೆಗೆ. ಸ್ಟುಡಿಯೊದವರಿಗೆ ಮಾತ್ರ ಬೀಗ ತೆರೆಯುವ ಒಂದು ಲೌಂಜ್ ಕೂಡ ಇತ್ತು. ಆಮೇಲೆ ಬೇರೆ ಕಂಪನಿಗಳೂ ಅದೇ ದಾರಿ ಹಿಡಿದವು. ಕ್ವೀನ್ ಮೇರಿ 2 ಹಡಗಿಗೆ 2016ರ ನವೀಕರಣದಲ್ಲಿ ಸಮುದ್ರ ಕಾಣುವ 15 ಒಂಟಿ ಕ್ಯಾಬಿನ್‌ಗಳನ್ನು ಸೇರಿಸಿದರು; ಅದೇ ವರ್ಷ ಬಂದ ಕೋನಿಂಗ್ಸ್‌ಡ್ಯಾಮ್ ಹಡಗಿನಲ್ಲೂ ಇಂಥವಿವೆ. ಸಾವಿರಾರು ಜನ ಹತ್ತುವ ಹಡಗಿನಲ್ಲಿ ಇವುಗಳ ಪಾಲು ತೀರಾ ಕಡಿಮೆ, ಹಾಗಾಗಿ ಬುಕಿಂಗ್ ತೆರೆದಾಗ ಬೇಗ ಮುಗಿಯುವ ಸಾಲಿನಲ್ಲಿ ಇವೂ ಇರುತ್ತವೆ. ಉಳಿದ ಕೆಲವಕ್ಕೆ ಬೇಡಿಕೆ ಏರಿದಾಗ, ಶೇ. 200 ಕಟ್ಟಿ ತೆಗೆದುಕೊಳ್ಳುವ ಒಳ ಕ್ಯಾಬಿನ್ನಿಗಿಂತ ಸ್ಟುಡಿಯೊವೇ ದುಬಾರಿಯಾಗುವುದುಂಟು. ಒಳ ಕ್ಯಾಬಿನ್‌ನಲ್ಲಾದರೆ ಜಾಗವಾದರೂ ಒಂದೂವರೆ ಪಟ್ಟು ಸಿಗುತ್ತದೆ.

ಸ್ಟುಡಿಯೊದಲ್ಲಿ ದುಡ್ಡು ಕೊಡಬೇಕಾದದ್ದು ಗೋಡೆಗಳಿಗಲ್ಲ, ಲೌಂಜಿಗೆ. ದಿನವೂ ಸಂಜೆ ಅಲ್ಲಿ ಒಬ್ಬ ಸಿಬ್ಬಂದಿ ನಿಂತು ಒಂಟಿಯಾಗಿ ಬಂದವರನ್ನೆಲ್ಲ ಪರಿಚಯಿಸಿ, ಊಟಕ್ಕೂ ನಾಟಕಶಾಲೆಗೂ ಗುಂಪು ಕಟ್ಟುವ ವ್ಯವಸ್ಥೆ ಇದ್ದರೆ ಸಂಕೋಚದ ಸ್ವಭಾವದವರಿಗೆ ಅದಕ್ಕಿಂತ ಸಲೀಸು ಇನ್ನೊಂದಿಲ್ಲ. ಲೌಂಜ್ ಇಲ್ಲದ ಸ್ಟುಡಿಯೊ ಬರೀ ಸಣ್ಣ ಕೋಣೆ. ಬುಕ್ ಮಾಡುವ ಮೊದಲು ಆ ಹಡಗಿನಲ್ಲೇ ಲೌಂಜ್ ಇದೆಯೇ ಎಂದು ಕೇಳಿಕೊಳ್ಳಿ. ಒಂದೇ ಕಂಪನಿಯ ಎಲ್ಲ ಹಡಗುಗಳಲ್ಲೂ ಇರುವುದಿಲ್ಲ. ಬೆಳಕು ಬಾರದ ಕೋಣೆಯಲ್ಲಿ ಹೊತ್ತು ಹುಟ್ಟಿದ್ದು ಮುಳುಗಿದ್ದು ತಿಳಿಯದೆ ಎರಡನೇ ದಿನಕ್ಕೇ ನಿದ್ದೆಯ ಲಯ ತಪ್ಪುತ್ತದೆ. ಟಿವಿಯಲ್ಲಿ ಹಡಗಿನ ಮುಂಭಾಗದ ಕ್ಯಾಮೆರಾದ ಚಾನೆಲ್ ಇದ್ದರೆ ಧ್ವನಿ ಮುಚ್ಚಿ ರಾತ್ರಿಯಿಡೀ ಹಾಕಿಟ್ಟರೆ ಬೆಳಗಾದಾಗ ಕೋಣೆಗೂ ಬೆಳಗಾಗುತ್ತದೆ.

ಇಬ್ಬರ ಕ್ಯಾಬಿನ್ನಿನ ದೊಡ್ಡ ಲಾಭ ಜಾಗದ ಆಯ್ಕೆ. ಸಮುದ್ರ ಒಗ್ಗುತ್ತದೋ ಇಲ್ಲವೋ ತಿಳಿಯದ ಮೊದಲ ಪ್ರಯಾಣದಲ್ಲಿ ಇದು ಸಣ್ಣ ವಿಷಯವಲ್ಲ. ಹಡಗಿನ ಸ್ಟೆಬಿಲೈಸರ್ ರೆಕ್ಕೆಗಳು ಪಕ್ಕದಿಂದ ಪಕ್ಕಕ್ಕೆ ಆಗುವ ಹೊಯ್ದಾಟವನ್ನು ತಗ್ಗಿಸುತ್ತವೆ. ಮೂತಿ ಎದ್ದು ಬೀಳುವ ಚಲನೆಯನ್ನು ಅಷ್ಟಾಗಿ ತಡೆಯಲಾರವು. ಆದ್ದರಿಂದ ಅತಿ ಮುಂದಿನ ಕ್ಯಾಬಿನ್‌ಗಳೇ ಹೆಚ್ಚು ಕುಲುಕುವುದು. ಉದ್ದದಲ್ಲಿ ನಡು, ಎತ್ತರದಲ್ಲಿ ಕೆಳಗಿನ ಡೆಕ್ ಹಿಡಿಯಿರಿ. ಜೊತೆಗೆ ಡೆಕ್ ನಕ್ಷೆಯಲ್ಲಿ ನಿಮ್ಮ ಕ್ಯಾಬಿನ್ನಿನ ಮೇಲೇನಿದೆ, ಕೆಳಗೇನಿದೆ ನೋಡಿ. ಮೇಲೂ ಕೆಳಗೂ ಕ್ಯಾಬಿನ್‌ಗಳೇ ಇದ್ದರೆ ಒಳ್ಳೆಯದು. ಮೇಲೆ ಈಜುಕೊಳದ ಡೆಕ್ ಇದ್ದರೆ ಬೆಳಗಿನ ಜಾವ ಕುರ್ಚಿ ಎಳೆಯುವ ಸದ್ದು, ಕೆಳಗೆ ನಾಟಕಶಾಲೆಯಿದ್ದರೆ ನಡುರಾತ್ರಿಯವರೆಗೆ ಡ್ರಮ್ಮಿನ ಸದ್ದು. ಪಕ್ಕದ ಕೋಣೆಗೆ ತೆರೆಯುವ ಬಾಗಿಲಿರುವ ಕ್ಯಾಬಿನ್ ಬೇಡವೇ ಬೇಡ; ಆ ಬಾಗಿಲಿನಿಂದ ಪಿಸುಮಾತೂ ದಾಟುತ್ತದೆ. ‘ಗ್ಯಾರಂಟಿ’ ಹೆಸರಿನ ಅಗ್ಗದ ದರದಲ್ಲಿ ಕ್ಯಾಬಿನ್ ಯಾವುದೆಂದು ಕಂಪನಿಯೇ ತೀರ್ಮಾನಿಸುವುದರಿಂದ ಈ ಎಚ್ಚರಗಳೆಲ್ಲ ನೀರಿಗೆ ಹೋದ ಹಾಗೆ. ವಾಕರಿಕೆಯ ಮಾತ್ರೆಯನ್ನು ವೈದ್ಯರನ್ನು ಕೇಳಿ ಮೊದಲೇ ತಂದಿಟ್ಟುಕೊಳ್ಳಿ, ಅಲೆ ಏಳುವ ಮುನ್ನವೇ ನುಂಗಿ. ಹೊಟ್ಟೆ ತೊಳಸಲು ಶುರುವಾದ ಮೇಲೆ ನುಂಗಿದ್ದು ಒಳಗೆ ನಿಲ್ಲುವುದಿಲ್ಲ.

ಇನ್ನು ಮೇಜಿನ ವಿಷಯ. ದೊಡ್ಡ, ಮಧ್ಯಮ ಹಡಗುಗಳಲ್ಲಿ ರಾತ್ರಿ ಊಟಕ್ಕೆ ಎರಡು ಪದ್ಧತಿಗಳಿವೆ: ದಿನವೂ ಒಂದೇ ಹೊತ್ತಿಗೆ ಅದೇ ಮೇಜು, ಅದೇ ಜನ, ಇಲ್ಲವೇ ಬೇಕಾದಾಗ ಹೋಗಿ ಸಿಕ್ಕಿದಲ್ಲಿ ಕೂರುವುದು. ಸ್ವಾತಂತ್ರ್ಯದ ಆಸೆಗೆ ಹೆಚ್ಚಿನವರು ಎರಡನೆಯದನ್ನು ಆರಿಸುತ್ತಾರೆ. ಒಬ್ಬರೇ ಬಂದವರಿಗೆ ಅದು ಹೊಂದುವುದು ಕಷ್ಟ: ಪ್ರತಿ ರಾತ್ರಿ ಹೊಸ ಮುಖ, ಪ್ರತಿ ರಾತ್ರಿ ‘ಎಲ್ಲಿಂದ ಬಂದಿರಿ’ಯಿಂದಲೇ ಶುರು, ಇಲ್ಲವೇ ಇಬ್ಬರ ಮೇಜಿನಲ್ಲಿ ಒಬ್ಬರೇ. ನಿಗದಿತ ಹೊತ್ತು ಆರಿಸಿ, ಬುಕ್ ಮಾಡುವಾಗಲೇ ಆರೋ ಎಂಟೋ ಜನರ ಮೇಜು ಕೇಳಿ. ಹತ್ತಿದ ದಿನ ಮಧ್ಯಾಹ್ನವೇ ಊಟದ ಹಾಲ್‌ನ ಮುಖ್ಯಸ್ಥರನ್ನು ಕಂಡು ಇನ್ನೊಮ್ಮೆ ಖಚಿತ ಮಾಡಿಕೊಳ್ಳಿ. ಮೇಜು ಬದಲಿಸುವುದು ಆಗ ಸುಲಭ. ಜೊತೆಗಾರರು ಹಿಡಿಸದಿದ್ದರೆ ಎರಡನೇ ರಾತ್ರಿಯೇ ಹೇಳಿಬಿಡಿ. ಇದನ್ನು ಯಾರೂ ತಪ್ಪು ತಿಳಿಯುವುದಿಲ್ಲ.

ಇದು ಫಲಿಸಬೇಕಾದರೆ ಹಡಗಿನ ಗಾತ್ರವೂ ಕೂಡಿಬರಬೇಕು. 2024ರಲ್ಲಿ ಬಂದ ಐಕಾನ್ ಆಫ್ ದ ಸೀಸ್‌ನಲ್ಲಿ ಕ್ಯಾಬಿನ್ನಿಗೆ ಇಬ್ಬರಂತೆ ಲೆಕ್ಕ ಹಾಕಿದರೂ 5,600ಕ್ಕೂ ಹೆಚ್ಚು ಪ್ರಯಾಣಿಕರು. ಬೆಳಿಗ್ಗೆ ಮಾತಾಡಿದವರು ಮತ್ತೆ ಕಣ್ಣಿಗೆ ಬೀಳುವ ಭರವಸೆಯಿಲ್ಲ. ಒಂದರಿಂದ ಎರಡೂವರೆ ಸಾವಿರ ಜನರ ಹಡಗಿನಲ್ಲಾದರೆ ಮೂರನೇ ದಿನಕ್ಕೆ ಕಾಫಿ ಕೌಂಟರಿನಲ್ಲಿ ಪರಿಚಯದ ನಗು ಸಿಗುತ್ತದೆ. ಅವಧಿ ಏಳು ರಾತ್ರಿ ಇರಲಿ. ‘ರುಚಿ ನೋಡೋಣ’ ಎಂದು ಮೂರು ರಾತ್ರಿಯ ವಾರಾಂತ್ಯದ ಕ್ರೂಸ್ ಹಿಡಿದರೆ ಅಲ್ಲಿರುವವರು ಬಹುಪಾಲು ಗುಂಪುಗಳು, ಪಾರ್ಟಿಗೆ ಬಂದವರು. ಪರಿಚಯವಾಗುವಷ್ಟರಲ್ಲಿ ಇಳಿಯುವ ಹೊತ್ತು. ಋತು ಬದಲಾದಾಗ ಹಡಗನ್ನು ಒಂದು ಸಾಗರದಿಂದ ಇನ್ನೊಂದಕ್ಕೆ ಸಾಗಿಸುವ ಪ್ರಯಾಣಗಳು ರಾತ್ರಿಯ ಲೆಕ್ಕದಲ್ಲಿ ಅಗ್ಗ, ಆದರೆ ಐದಾರು ದಿನ ಸತತವಾಗಿ ನೀರಿನ ಮೇಲೇ ಇರಬೇಕಾಗುತ್ತದೆ. ಮೊದಲ ಸಲಕ್ಕೆ ಬೇಡ.

ನದಿ ಹಡಗಿನ ಲೋಕ ಬೇರೆ. ಯುರೋಪಿನ ರೈನ್, ಡ್ಯಾನ್ಯೂಬ್ ನದಿಗಳ ಲಾಕ್‌ಗಳಲ್ಲಿ (ನೀರಿನ ಮಟ್ಟ ಏರಿಸಿ ಇಳಿಸಿ ಹಡಗನ್ನು ದಾಟಿಸುವ ಗೇಟಿನ ಕಟ್ಟೆಗಳಲ್ಲಿ) ಹಿಡಿಸಬೇಕಾದ್ದರಿಂದ ಹೆಚ್ಚಿನ ಹಡಗುಗಳ ಉದ್ದ 135 ಮೀಟರ್, ಅಗಲ ಸುಮಾರು 11.4 ಮೀಟರ್ ದಾಟುವುದಿಲ್ಲ, ಪ್ರಯಾಣಿಕರು ಇನ್ನೂರರೊಳಗೆ. ಕುಲುಕಾಟವಿಲ್ಲ, ಹಡಗು ಊರ ನಡುವೆಯೇ ನಿಲ್ಲುತ್ತದೆ, ನಡಿಗೆಯ ಪ್ರವಾಸಗಳು ಬಹಳ ಕಡೆ ದರದೊಳಗೇ ಸೇರಿರುತ್ತವೆ. ಸಮುದ್ರದ ಹಡಗಿಗೆ ಹೋಲಿಸಿದರೆ ಮೂಲ ದರ ಹೆಚ್ಚು, ಆದರೆ ಒಂಟಿಯವರಿಗೆ ಸಪ್ಲಿಮೆಂಟ್ ಇಳಿಸುವ, ಕೆಲವು ತಾರೀಖುಗಳಲ್ಲಿ ಬಿಟ್ಟೇಬಿಡುವ ರೂಢಿಯಿದೆ, ಮುಖ್ಯವಾಗಿ ಕೆಳಗಿನ ಡೆಕ್ಕಿನಲ್ಲಿ. ಕೆಳ ಡೆಕ್ಕಿನ ಕಿಟಕಿ ನೀರಿನ ಮಟ್ಟಕ್ಕಿಂತ ಸ್ವಲ್ಪವೇ ಮೇಲೆ, ಸಣ್ಣದು, ತೆರೆಯುವುದಿಲ್ಲ. ಹಾಗೆಂದು ಮೇಲಿನ ಡೆಕ್ಕಿಗೆ ದುಡ್ಡು ಸುರಿಯುವ ಮುನ್ನ ಇದನ್ನು ತಿಳಿದಿರಿ: ಬಂದರಿನಲ್ಲಿ ಹಡಗುಗಳು ಪಕ್ಕಪಕ್ಕ ಅಂಟಿಕೊಂಡು ನಿಲ್ಲುತ್ತವೆ, ನಿಮ್ಮ ಬಾಲ್ಕನಿಯೆದುರು ಇನ್ನೊಂದು ಹಡಗಿನ ಬಾಲ್ಕನಿ ಬರುತ್ತದೆ.

ನದಿಯ ದೊಡ್ಡ ಅಪಾಯ ನೀರಿನ ಮಟ್ಟ. ಹೆಚ್ಚಾದರೆ ಸೇತುವೆಯ ಕೆಳಗೆ ನುಸುಳಲಾಗದು, ಕಡಿಮೆಯಾದರೆ ತಳ ತಾಗುತ್ತದೆ. 2018ರಲ್ಲೂ 2022ರಲ್ಲೂ ರೈನ್ ಬತ್ತಿದಾಗ ಪ್ರಯಾಣಗಳು ಅಸ್ತವ್ಯಸ್ತವಾದವು. ಅಂಥಾಗ ಪ್ರಯಾಣಿಕರನ್ನು ಬಸ್ಸಿಗೆ ಹತ್ತಿಸಿ ಮುಂದೆ ಕಾದಿರುವ ಇನ್ನೊಂದು ಹಡಗಿಗೆ ಒಯ್ಯುತ್ತಾರೆ. ಒಪ್ಪಂದದಲ್ಲಿ ಇದಕ್ಕೆ ಅವಕಾಶ ಇರುವುದರಿಂದ ಪರಿಹಾರ ದೊರೆಯುವುದು ಕಡಿಮೆ. ಬೇಸಿಗೆಯ ಕೊನೆಯ ಬರವನ್ನೂ ವಸಂತದ ಪ್ರವಾಹವನ್ನೂ ತಪ್ಪಿಸುವ ತಿಂಗಳನ್ನು ಆರಿಸಿಕೊಳ್ಳುವುದು ಜಾಣತನ. ಇನ್ನು ಊಟ: ಎಲ್ಲರಿಗೂ ಒಂದೇ ಹೊತ್ತು, ಎಲ್ಲಿ ಬೇಕಾದರೂ ಕೂರಬಹುದು. ಮೊದಲ ರಾತ್ರಿ ಇದು ಸ್ನೇಹಕ್ಕೆ ದಾರಿ, ಮೂರನೇ ರಾತ್ರಿಗೆ ಗುಂಪುಗಳು ಗಟ್ಟಿಯಾಗಿ ತಡವಾಗಿ ಬಂದವರು ಕುರ್ಚಿ ಹುಡುಕಬೇಕು. ಮೊದಲ ಎರಡು ರಾತ್ರಿ ಹತ್ತು ನಿಮಿಷ ಮುಂಚೆ ಹೋಗಿ ದೊಡ್ಡ ಮೇಜಿನಲ್ಲಿ ಕೂತವರಿಗೆ ಈ ತೊಂದರೆ ಬರದು. ಹೆಚ್ಚಿನವರು ವಯಸ್ಸಾದ ದಂಪತಿಗಳು; ರಾತ್ರಿ ಹತ್ತರ ನಂತರ ಹಡಗೇ ಮಲಗಿರುತ್ತದೆ. ಇತಿಹಾಸ, ಊರು, ನಡಿಗೆ ಇಷ್ಟಪಡುವವರಿಗೆ ಇದು ಒಪ್ಪುತ್ತದೆ. ಮೂವತ್ತರ ಆಸುಪಾಸಿನವರು ಬೇಸರಪಟ್ಟಾರು.

ಯಾವ ಹಡಗಾದರೂ ಒಬ್ಬರೇ ಹೋಗುವಾಗ ಕೆಲವು ಎಚ್ಚರ ಹೆಚ್ಚು ಬೇಕು. ಬಂದರಿನಲ್ಲಿ ತಡವಾದರೆ ‘ಇನ್ನೊಬ್ಬರು ಬರಬೇಕು’ ಎಂದು ಹೇಳುವವರಿಲ್ಲ. ಹಡಗಿನವರೇ ನಡೆಸುವ ಪ್ರವಾಸ ತಡವಾದರೆ ಕಾಯುತ್ತಾರೆ, ನಿಮ್ಮಷ್ಟಕ್ಕೆ ಹೋದರೆ ಕಾಯುವುದಿಲ್ಲ. ಕೈಗಡಿಯಾರವನ್ನು ಹಡಗಿನ ಸಮಯಕ್ಕೆ ಇಡಿ. ಫೋನ್ ತಾನಾಗಿ ದಡದ ಸಮಯಕ್ಕೆ ಹೊರಳಿದರೆ ಒಂದು ಗಂಟೆಯ ಎಡವಟ್ಟು. ಸಮುದ್ರದಲ್ಲಿ ಫೋನ್ ಏರೋಪ್ಲೇನ್ ಮೋಡ್‌ನಲ್ಲೇ ಇರಲಿ, ಹಡಗಿನ ಮೊಬೈಲ್ ನೆಟ್‌ವರ್ಕ್‌ಗೆ ಅಂಟಿಕೊಂಡರೆ ಬಿಲ್ ಬೆಚ್ಚಿಬೀಳಿಸುತ್ತದೆ. ದೊಡ್ಡ ಸೂಟ್‌ಕೇಸ್ ಕ್ಯಾಬಿನ್ನಿಗೆ ಬರುವುದು ಸಂಜೆಯಾಗಬಹುದು. ಔಷಧ, ಪಾಸ್‌ಪೋರ್ಟ್, ಚಾರ್ಜರ್ ಕೈಚೀಲದಲ್ಲಿರಲಿ. ವಿಮೆಯಲ್ಲಿ ಹಡಗಿನ ಆಸ್ಪತ್ರೆಯ ವೆಚ್ಚವೂ ಸಮುದ್ರದಿಂದ ತುರ್ತಾಗಿ ದಡಕ್ಕೆ ಸಾಗಿಸುವ ವೆಚ್ಚವೂ ಸೇರಿದೆಯೇ ಎಂದು ಓದಿ ನೋಡಿ. ದಾರಿಯಲ್ಲಿ ಷೆಂಗೆನ್ (ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ ನಡೆಯುವ ವಲಯ) ಗಡಿ ದಾಟಿ ಮತ್ತೆ ಒಳಬರುವ ಪ್ರಯಾಣವಾದರೆ, ವೀಸಾ ಬೇಕಾದವರಿಗೆ ಒಂದು ಪ್ರವೇಶದ್ದು ಸಾಲದು, ಬಹುಪ್ರವೇಶದ್ದೇ ಬೇಕು. ವೀಸಾ ಕೊರತೆಯಿಂದ ಹಡಗು ಹತ್ತಲು ಬಿಡದಿದ್ದರೆ ದುಡ್ಡು ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ.

ಬುಕ್ ಮಾಡಿದ ಮೇಲೆ ಕೊನೆಯ ಕಂತಿನ ತಾರೀಖನ್ನು ಗುರುತು ಹಾಕಿಟ್ಟುಕೊಳ್ಳಿ. ಅದು ಹೊರಡುವ ದಿನಕ್ಕಿಂತ ಸಾಮಾನ್ಯವಾಗಿ ಎರಡು ಮೂರು ತಿಂಗಳು ಮುಂಚೆ ಬರುತ್ತದೆ. ಅದಕ್ಕೆ ಮೊದಲು ದರ ಇಳಿದರೆ ಫೋನ್ ಮಾಡಿ ಹೊಸ ದರಕ್ಕೆ ಬದಲಿಸಲು ಹಲವು ಕಂಪನಿಗಳು ಒಪ್ಪುತ್ತವೆ. ಸಪ್ಲಿಮೆಂಟ್ ಇಳಿಕೆಯನ್ನು ಅವರಾಗಿ ತಿಳಿಸುವುದಿಲ್ಲ, ವಾರಕ್ಕೊಮ್ಮೆ ನೀವೇ ವೆಬ್‌ಸೈಟಿನಲ್ಲಿ ಪ್ರಯಾಣಿಕರ ಸಂಖ್ಯೆ 1 ಎಂದು ಹಾಕಿ ನೋಡಬೇಕು.