ನೀರಿಲ್ಲದ ಕೂಲೆಂಟ್ ಬೇಕಾ? ನನ್ನ ಸ್ಯಾನ್ ಸ್ಟಾರ್ಮಲ್ಲಿ ಎರಡು ಬೇಸಿಗೆ

ನನ್ನ ಹತ್ರ ಒಂದು ಸ್ಯಾನ್ ಸ್ಟಾರ್ಮ್ ಉಂಟು. ಗೋವಾದಲ್ಲಿ ತಯಾರಾಗುತ್ತಿದ್ದ ಎರಡು ಸೀಟಿನ ಓಪನ್ ಗಾಡಿ. ಫೈಬರ್ ಬಾಡಿ, ಒಳಗೆ ರೆನೋದ 1149 ಸಿಸಿ ಪೆಟ್ರೋಲ್ ಇಂಜಿನ್, 60ರ ಆಸುಪಾಸು ಹಾರ್ಸ್‌ಪವರ್. ಇದೂ ಒಂದು ಸ್ಪೋರ್ಟ್ಸ್ ಕಾರಾ ಅಂತ ನಗುವವರು ನಗಲಿ. ಆಗುಂಬೆಯ 14 ತಿರುವುಗಳಲ್ಲಿ ಒಮ್ಮೆ ಕೂರಿಸಿಕೊಂಡು ಹೋದರೆ ಸುಮ್ಮನಾಗುತ್ತಾರೆ.

ಗಾಡಿ ಬಂದ ಹೊಸತರಲ್ಲಿ ನಾನೊಂದು ತಪ್ಪು ಮಾಡಿದೆ. ರೇಡಿಯೇಟರಿಗೆ ಮನೆಯ ಬಾವಿ ನೀರು ಹಾಕಿದೆ. ಮನೆ ಉಳ್ಳಾಲದಲ್ಲಿ, ಕಡಲಿನ ಹತ್ತಿರ. ಏಪ್ರಿಲ್ ಬಂತೆಂದರೆ ಬಾವಿ ನೀರು ಉಪ್ಪುಪ್ಪು. ನಾವು ಕುಡಿಯದ ನೀರನ್ನು ಮೂರು ವರ್ಷ ಇಂಜಿನ್ನಿಗೆ ಕುಡಿಸಿದೆ. ಕಡೆಗೊಮ್ಮೆ ಡ್ರೇನ್ ಮಾಡಿಸಿದಾಗ ಬಂದದ್ದು ಕೆಂಪು ಕಲ್ಲು ತೊಳೆದಂಥ ಕೆಸರು. ಇಂಜಿನ್ನಿನ ಕೆಳಭಾಗ, ಅಂದರೆ ಬ್ಲಾಕ್, ಕಬ್ಬಿಣದ್ದು; ಅದರ ಮೇಲೆ ಕೂರುವ ಹೆಡ್ ಅಲ್ಯೂಮಿನಿಯಂ. ಮಧ್ಯೆ ಉಪ್ಪು ನೀರು ಓಡಾಡಿದರೆ ಇನ್ನೇನಾಗುತ್ತದೆ?

ಆಗ ಕಣ್ಣಿಗೆ ಬಿದ್ದದ್ದು ನೀರಿಲ್ಲದ ಕೂಲೆಂಟ್, ಇಂಜಿನ್ ತಣ್ಣಗಿಡಲು ನೀರಿನ ಬದಲು ತುಂಬುವ ದ್ರವ. ಪೂರ್ತಿ ಗ್ಲೈಕಾಲ್, ಜೊತೆಗೆ ತುಕ್ಕು ತಡೆಯುವ ರಾಸಾಯನಿಕ. ನೀರಿಲ್ಲ, ಹಾಗಾಗಿ ತುಕ್ಕಿನ ಚಿಂತೆ ಕಡಿಮೆ. ಕುದಿಯುವುದು 180 ಡಿಗ್ರಿ ದಾಟಿದ ಮೇಲೆ. ಮೈನಸ್ 40ರಲ್ಲೂ ಹೆಪ್ಪುಗಟ್ಟುವುದಿಲ್ಲವಂತೆ. ಮಂಗಳೂರಿನವರಿಗೆ ಬಹಳ ಉಪಕಾರವಾಯಿತು ಬಿಡಿ.

ಮೆಕ್ಯಾನಿಕ್ ಹತ್ರ ಹೇಳಿದೆ. "ಎಂತ ಮಾರಾಯ್ರೆ, ನೀರಿಲ್ಲದೆ ತಣ್ಣಗಾಗ್ತದಾ?" ಅಂದರು. ನಾನು ಅರ್ಧ ಗಂಟೆ ಪಾಠ ಮಾಡಿದೆ. ಈಗ ನೋಡಿದರೆ ಅವರ ಪ್ರಶ್ನೆಯೇ ಸರಿಯಾಗಿತ್ತು.

ಅವಸರ ಮಾಡಲಿಲ್ಲ. ಮೊದಲ ಬೇಸಿಗೆ ಡಿಸ್ಟಿಲ್ಡ್ ವಾಟರ್ ಮತ್ತು ಕೆಂಪು ಕೂಲೆಂಟ್ ಅರ್ಧಕ್ಕರ್ಧ ಹಾಕಿ ಓಡಿಸಿದೆ. ಹೆಡ್‌ನಿಂದ ನೀರು ಹೊರಬರುವ ಕಡೆ ಸೆನ್ಸರ್ ಕೂರಿಸಿ ಡಿಜಿಟಲ್ ಮೀಟರ್ ಹಾಕಿಸಿದೆ. ಎರಡನೇ ಬೇಸಿಗೆ ಅದೇ ಮೀಟರ್, ಅದೇ ರಸ್ತೆ, ಕೂಲೆಂಟ್ ಮಾತ್ರ ಬೇರೆ.

ಹಾಕುವ ಕೆಲಸವೇ ಎರಡು ದಿನ ತಿಂದಿತು. ಒಳಗೆ ನೀರಿನ ಅಂಶ 3 ಶೇಕಡಾ ಮೀರಬಾರದು. ನನ್ನ ಗಾಡಿಗೆ ಸುಮಾರು 5 ಲೀಟರ್ ಹಿಡಿಯುತ್ತದೆ. ಅಂದರೆ ಉಳಿಯಬಹುದಾದ ನೀರು 150 ಎಂಎಲ್, ಒಂದು ಗ್ಲಾಸ್ ಚಾದಷ್ಟು. ರೇಡಿಯೇಟರ್ ಖಾಲಿ ಮಾಡಿದರೂ ಬ್ಲಾಕಿನೊಳಗೆ ಅದಕ್ಕಿಂತ ಜಾಸ್ತಿ ಕೂತಿರುತ್ತದೆ. ಹೋಸ್ ಎಲ್ಲ ಬಿಚ್ಚಿ, ಗಾಳಿ ಊದಿ, ನೀರು ಹೀರುವ ಬೇರೊಂದು ದ್ರವ ತುಂಬಿ ಓಡಿಸಿ, ಅದನ್ನೂ ತೆಗೆದು, ಆಮೇಲೆ ಅಸಲಿ ಮಾಲು. ಆ ದ್ರವ ಸೇರಿ ಖರ್ಚು 11,000 ರೂಪಾಯಿ ದಾಟಿತು. ಅರ್ಧಕ್ಕರ್ಧಕ್ಕೆ ಆದದ್ದು 1,200.

ಇನ್ನು ಬಿಸಿಯ ಲೆಕ್ಕ. ಪಡುಬಿದ್ರಿ ಕಡೆಗೆ ಹೆದ್ದಾರಿಯಲ್ಲಿ 80ರ ವೇಗದಲ್ಲಿ ಹೋದರೆ ಅರ್ಧಕ್ಕರ್ಧ 90–91 ಡಿಗ್ರಿ ತೋರಿಸುತ್ತಿತ್ತು. ನೀರಿಲ್ಲದ್ದು 96. ಇದೇನೂ ದೊಡ್ಡದಲ್ಲ. ಮೇ ತಿಂಗಳ ಸಂಜೆ ಮಂಗಳೂರಿನ ನಂತೂರಿನ ಟ್ರಾಫಿಕ್ಕಿನಲ್ಲಿ ಸಿಕ್ಕಿಹಾಕಿಕೊಂಡಾಗ ಗೊತ್ತಾಯಿತು. ಮೊದಲ ಬೇಸಿಗೆ ಫ್ಯಾನ್ ಬಂದು ಹೋಗಿ ಬಂದು ಹೋಗಿ 99ರೊಳಗೆ ನಿಲ್ಲುತ್ತಿತ್ತು. ಈಗ 106, ಫ್ಯಾನ್ ನಿಲ್ಲುವುದೇ ಇಲ್ಲ.

ಕಾರಣ ಸರಳ. ಒಂದು ಕೆಜಿ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು 4.18 ಕಿಲೋಜೂಲ್ ಬೇಕು. ಗ್ಲೈಕಾಲ್‌ಗೆ 2.4 ಸಾಕು. ಅಂದರೆ ಅದು ಅಷ್ಟು ಕಡಿಮೆ ಬಿಸಿ ಹೊತ್ತೊಯ್ಯುತ್ತದೆ. ಮೇಲಿಂದ ಅದು ದಪ್ಪ, ಪಂಪಿಗೆ ತಳ್ಳಲಿಕ್ಕೂ ಕಷ್ಟ.

ಮಾರುವವರದ್ದೂ ಒಂದು ವಾದ ಉಂಟು, ಸುಳ್ಳಲ್ಲ. ಉರಿದ ಹೊಗೆ ಹೊರಬಿಡುವ ಎಕ್ಸಾಸ್ಟ್ ವಾಲ್ವ್ ಸುತ್ತ ನೀರು ಆವಿಯಾಗಿ, ಆವಿಯ ಪದರ ಕಟ್ಟಿಕೊಂಡರೆ ಅಲ್ಲಿ ಬಿಸಿ ಇಳಿಯುವುದಿಲ್ಲ. ಗ್ಲೈಕಾಲ್ ಅಷ್ಟು ಬೇಗ ಆವಿಯಾಗುವುದಿಲ್ಲ. ಆದರೆ ಸಣ್ಣ ಸಣ್ಣ ಗುಳ್ಳೆ ಎದ್ದು ಒಡೆಯುವಾಗ ನೀರು ಸಿಕ್ಕಾಪಟ್ಟೆ ಬಿಸಿ ಎಳೆದುಕೊಂಡು ಹೋಗುತ್ತದೆ, ಅದನ್ನು ಅವರು ಹೇಳುವುದಿಲ್ಲ. ಅಲ್ಲದೆ ಅರ್ಧಕ್ಕರ್ಧ ಕೂಡ ರೇಡಿಯೇಟರ್ ಕ್ಯಾಪ್ ಹಿಡಿದಿಡುವ ಒತ್ತಡದಲ್ಲಿ 125 ದಾಟಿ ಕುದಿಯುವಂಥದ್ದು. ನನ್ನ ಗಾಡಿ ಅಲ್ಲಿಗೆ ಯಾವತ್ತೂ ಹೋಗಿಲ್ಲ.

ಇಷ್ಟವಾದದ್ದೂ ಉಂಟು. ಹೆಬ್ರಿ ದಾಟಿ, ಸೋಮೇಶ್ವರದಿಂದ ಒಂದೇ ಉಸಿರಿಗೆ ಘಾಟಿ ಹತ್ತಿಸಿ, ಮೇಲೆ ನಿಲ್ಲಿಸಿ ಬಾನೆಟ್ ಎತ್ತಿದೆ. ಮೇಲಿನ ಹೋಸನ್ನು ಬಟ್ಟೆ ಸುತ್ತಿ ಹಿಂಡಿದರೆ ಮೆತ್ತಗೆ. ಮೊದಲಾದರೆ ಕಲ್ಲಿನ ಹಾಗೆ ಇರುತ್ತಿತ್ತು. ಕ್ಯಾಪ್ ತಿರುಗಿಸಿದೆ, ಬುಸ್ ಅನ್ನಲಿಲ್ಲ. ಒಳಗೆ ಎಣ್ಣೆಯ ಹಾಗೆ ಅಲುಗಾಡದೆ ನಿಂತಿತ್ತು. (ಕೈ ಹಾಕಬೇಡಿ, ಒತ್ತಡ ಇಲ್ಲದಿದ್ದರೂ 100 ಡಿಗ್ರಿ 100 ಡಿಗ್ರಿಯೇ.) ಹಳೇ ಹೋಸ್, ಹಳೇ ಗ್ಯಾಸ್ಕೆಟ್ ಇರುವ ಗಾಡಿಗೆ ಒತ್ತಡ ಇಲ್ಲದಿರುವುದು ನಿಜಕ್ಕೂ ಲಾಭ.

ಆದರೆ ಅದೇ ಹತ್ತುವಿಕೆಯಲ್ಲಿ, ಕೊನೆಯ ಮೂರು ತಿರುವುಗಳಲ್ಲಿ ಮೀಟರ್ 109 ಇತ್ತು, ಇಂಜಿನ್ ಕಟಕಟ ಅನ್ನುತ್ತಿತ್ತು. ಹಿಂದಿನ ವರ್ಷ ಇದೇ ಜಾಗದಲ್ಲಿ 98, ಶಬ್ದವೇ ಇರಲಿಲ್ಲ. ನನಗೆ ಹೆದರಿಕೆ ಹುಟ್ಟಿಸಿದ್ದು ಇದು. ನೀರು ಕುದಿದರೆ ಹೊಗೆ ಬರುತ್ತದೆ, ನಾವು ನಿಲ್ಲಿಸುತ್ತೇವೆ. ಇಲ್ಲಿ ಕೂಲೆಂಟ್ ಕುದಿಯುವ ಮೊದಲೇ ಹೆಡ್ ಸೊಟ್ಟ ಆಗಿರಬಹುದು. ಬರೀ ಗ್ಲೈಕಾಲ್ ಬಿಸಿ ಎಕ್ಸಾಸ್ಟ್ ಮೇಲೆ ಚಿಮ್ಮಿದರೆ ಬೆಂಕಿಯೂ ಹಿಡಿಯಬಹುದು. ಬಾಡಿ ಫೈಬರ್, ನೆನಪಿರಲಿ.

ಕತೆ ಮುಗಿದದ್ದು ಇಳಿಯುವಾಗ. ನಾನೇ ಬಿಗಿದಿದ್ದ ಕೆಳಗಿನ ಹೋಸಿನ ಕ್ಲ್ಯಾಂಪ್ ಸಡಿಲವಾಗಿ, ಸೋಮೇಶ್ವರ ತಲುಪುವಷ್ಟರಲ್ಲಿ ಒಂದೂವರೆ ಲೀಟರ್ ರಸ್ತೆ ಪಾಲು. ಡಿಕ್ಕಿಯಲ್ಲಿ ಸ್ಪೇರ್ ಇಲ್ಲ. ಉಳಿದ ಒಂದು ಲೀಟರ್ ಡಬ್ಬ ಮನೆಯ ಶೆಡ್ಡಿನಲ್ಲಿ. ಹೆಬ್ರಿಯಲ್ಲಾಗಲಿ ಉಡುಪಿಯಲ್ಲಾಗಲಿ ಅಂಗಡಿಯಲ್ಲಿ ಕೇಳಿದರೆ ಸಿಗುವ ಮಾಲಲ್ಲ, ನನಗೇ ಕೊರಿಯರಲ್ಲಿ ಬರಲು ಒಂಬತ್ತು ದಿನ ಹಿಡಿದಿತ್ತು. ಗೂಡಂಗಡಿಯಲ್ಲಿ ಎರಡು ಬಾಟಲಿ ನೀರು ತಗೊಂಡೆ. ಸುರಿಯುವ ಮೊದಲು ಒಂದು ನಿಮಿಷ ಸುಮ್ನೆ ನಿಂತೆ. 40 ರೂಪಾಯಿ ನೀರು 11,000ವನ್ನು ನುಂಗಿತು. ಉಳ್ಳಾಲದವರೆಗೂ ಮೀಟರ್ 95 ದಾಟಲಿಲ್ಲ ಅನ್ನುವುದು ಇನ್ನೊಂದು ಉರಿ.

ಈಗ ಮತ್ತೆ ಅರ್ಧಕ್ಕರ್ಧ. ಎರಡು ವರ್ಷಕ್ಕೊಮ್ಮೆ ಬದಲಿಸುತ್ತೇನೆ, ಡಿಸ್ಟಿಲ್ಡ್ ವಾಟರ್ ಬಿಟ್ಟು ಬೇರೆ ನೀರು ಮುಟ್ಟುವುದಿಲ್ಲ. ತುಕ್ಕಿಗೆ ಅಷ್ಟು ಸಾಕು. ಶೆಡ್ಡಿನಲ್ಲೇ ನಿಂತಿರುವ, ವರ್ಷಕ್ಕೆರಡು ಸಲ ಮಾತ್ರ ಹೊರಬರುವ ವಿಂಟೇಜ್ ಗಾಡಿಯಾದರೆ ನೀರಿಲ್ಲದ್ದು ಹಾಕಿಸಿ, ಬೇಡ ಅನ್ನುವುದಿಲ್ಲ. ಟ್ರಾಫಿಕ್ಕಿಗೂ ಘಾಟಿಗೂ ಹೋಗುವ ಗಾಡಿಗೆ ನಾನಂತೂ ಹೇಳುವುದಿಲ್ಲ.

ಆ ಒಂದು ಲೀಟರ್ ಡಬ್ಬ ಈಗಲೂ ಶೆಡ್ಡಿನಲ್ಲಿದೆ. ಗ್ಲೈಕಾಲ್ ಗಾಳಿಯ ತೇವ ಹೀರುತ್ತದೆ. ಜೂನಲ್ಲಿ ಅದರಿಂದ ಒಂದು ಲೋಟ ತೆಗೆದು, ನೆರೆಮನೆ ಬೆಕ್ಕಿಗೆ ಸಿಗದ ಹಾಗೆ ಮೇಲಿನ ಹಲಗೆಯಲ್ಲಿ ತೆರೆದಿಟ್ಟು, ಉಳ್ಳಾಲದ ಮಳೆಗಾಲದಲ್ಲಿ 3 ಶೇಕಡಾ ದಾಟಲು ಎಷ್ಟು ದಿನ ಬೇಕು ಅಂತ ನೋಡಬೇಕು.