ಲೇಸಿಕ್ ಆದ ಕಣ್ಣಿಗೆ ಪೊರೆ ಲೆನ್ಸ್: ಐದು ತಿಂಗಳ ಅನುಭವ

ಕಣ್ಣಿನ ಪೊರೆ ತೆಗೆಸಿ ಎರಡೂ ಕಣ್ಣಿಗೆ ಟೆಕ್ನಿಸ್ ಮೊನೊಫೋಕಲ್ (ಒಂದೇ ದೂರಕ್ಕೆ ಸ್ಪಷ್ಟವಾಗಿ ಕಾಣಿಸುವ ಲೆನ್ಸ್) ಹಾಕಿಸಿಕೊಂಡು ಐದು ತಿಂಗಳಾಯಿತು. ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಆದರೆ ಇದರಲ್ಲಿ ಲೆನ್ಸಿಗಿಂತ ಅಳತೆ ತೆಗೆದವರ ಪಾಲೇ ಜಾಸ್ತಿ.

ನನಗೆ 2003ರಲ್ಲಿ ಲೇಸಿಕ್, ಅಂದರೆ ಕನ್ನಡಕದ ನಂಬರ್ ತೆಗೆಯುವ ಲೇಸರ್ ಆಪರೇಷನ್, ಆಗಿತ್ತು. ಆಗ ಮೈನಸ್ 7 ಇತ್ತು. ಈಗ ಪೊರೆ ಬಂದಾಗ ಮೊದಲು ಹೋದ ಕ್ಲಿನಿಕ್‌ನಲ್ಲಿ ಹತ್ತೇ ನಿಮಿಷಕ್ಕೆ, ಮಲ್ಟಿಫೋಕಲ್ (ದೂರ, ಹತ್ತಿರ ಎರಡಕ್ಕೂ ಆಗುವ ಲೆನ್ಸ್) ಹಾಕಿಸಿಕೊಳ್ಳಿ, ಓದೋದಕ್ಕೂ ಕನ್ನಡಕ ಬೇಡ ಅಂದರು. ಲೇಸಿಕ್ ವಿಷಯ ನಾನೇ ಎತ್ತಿದೆ. 'ಅದು ಹಳೇದು ಬಿಡಿ' ಅಂದರು. ಎದ್ದು ಬಂದೆ.

ಹಳೇದಾದರೂ ಲೆಕ್ಕ ಕೆಡಿಸೋದೇ ಅದು. ಮೈನಸ್ ನಂಬರಿಗೆ ಲೇಸಿಕ್ ಮಾಡುವಾಗ ಕಾರ್ನಿಯಾದ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರದ, ನಡುಭಾಗವನ್ನು ಚಪ್ಪಟೆ ಮಾಡುತ್ತಾರೆ, ಹಿಂಬದಿ ಹೆಚ್ಚುಕಡಿಮೆ ಮೊದಲಿನ ಹಾಗೇ ಇರುತ್ತದೆ. ಮಾಮೂಲಿ ಯಂತ್ರ ಮುಂಬದಿಯ ಬಾಗು ಮಾತ್ರ ಅಳೆದು ಹಿಂಬದಿಯನ್ನು ಊಹಿಸುತ್ತದೆ, ಆ ಊಹೆ ತಪ್ಪಿ ಕಾರ್ನಿಯಾಗೆ ಇರೋದಕ್ಕಿಂತ ಜಾಸ್ತಿ ಪವರ್ ಇದೆ ಅಂತ ತೋರಿಸುತ್ತದೆ, ಅದನ್ನು ನಂಬಿ ಕಡಿಮೆ ಪವರ್ ಲೆನ್ಸ್ ಹಾಕಿದರೆ ಆಪರೇಷನ್ ಆದಮೇಲೆ ಪ್ಲಸ್ ನಂಬರ್ ಬಂದು ಕೂರುತ್ತದೆ. ದೂರವೂ ಮಸುಕು, ಹತ್ತಿರ ಇನ್ನೂ ಮಸುಕು. ಪ್ಲಸ್ ನಂಬರಿಗೆ ಲೇಸಿಕ್ ಆದವರಿಗೆ ಇದು ಉಲ್ಟಾ.

ಎರಡನೇ ಕಡೆ ಡಾಕ್ಟರ್ ಕೇಳಿದ ಮೊದಲ ಪ್ರಶ್ನೆಯೇ, 'ಮೊದಲು ಕಣ್ಣಿಗೆ ಏನಾದರೂ ಮಾಡಿಸಿದ್ದೀರಾ?' ಗಲ್ಲ ಇಟ್ಟು ಕಪ್ಪು ಬಿಳಿ ಉಂಗುರಗಳನ್ನು ನೋಡುತ್ತಾ ಕೂತೆ. ತೆರೆಯ ಮೇಲೆ ಕಾರ್ನಿಯಾದ ನಕ್ಷೆ ಬಂತು, ನಡುವೆ ನೀಲಿ, ಸುತ್ತ ಹಳದಿ. ಬೆರಳಿಟ್ಟು, 'ಈ ನೀಲಿ ಇದೆಯಲ್ಲ, ಲೇಸರ್ ಚಪ್ಪಟೆ ಮಾಡಿದ್ದು ಇಲ್ಲೇ' ಅಂದರು. ಕಣ್ಣು ಒಣಗಿದೆ ಅಂತ ಮೂರು ವಾರ ಡ್ರಾಪ್ಸ್ ಕೊಟ್ಟು ಮತ್ತೆ ಅಳೆದರು. ನಂಬರ್ ನಿಜಕ್ಕೂ ಬದಲಾಗಿತ್ತು! ಲೇಸಿಕ್ ಆದ ಕಣ್ಣಿಗೆ ಲೆನ್ಸ್ ಪವರ್ ಲೆಕ್ಕ ಹಾಕುವ ಬ್ಯಾರೆಟ್ ಟ್ರೂ-ಕೆ, ಹೈಗಿಸ್-ಎಲ್, ಶಮ್ಮಾಸ್, ಮೂರೂ ಸೂತ್ರದ ಉತ್ತರ ಒಂದೇ ಹಾಳೆಯಲ್ಲಿ ತೋರಿಸಿದರು. ಒಂದಕ್ಕೊಂದು ಅರ್ಧ ಪವರ್ ವ್ಯತ್ಯಾಸ ಇತ್ತು. ತಪ್ಪಿದರೂ ಪ್ಲಸ್ ಕಡೆ ಹೋಗಬಾರದು ಅಂತ ಸ್ವಲ್ಪ ಮೈನಸ್ ಕಡೆಗೇ ಗುರಿ ಇಟ್ಟರು. ಇಷ್ಟು ಬಿಡಿಸಿ ಹೇಳಿದ್ದಕ್ಕೇ ಧೈರ್ಯ ಬಂತು ನನಗೆ.

ಮಲ್ಟಿಫೋಕಲ್ ಯಾಕೆ ಬೇಡ ಅಂದರೆ, ಅದು ಬೆಳಕನ್ನು ದೂರಕ್ಕೂ ಹತ್ತಿರಕ್ಕೂ ಹಂಚುತ್ತದೆ, ಅದರಿಂದ ದೀಪದ ಸುತ್ತ ಬಳೆ ಕಾಣಬಹುದು. ಲೇಸಿಕ್ ಆದ ನನ್ನ ಕಣ್ಣಿಗೆ ಮೊದಲೇ ರಾತ್ರಿ ದೀಪದ ಸುತ್ತ ಬಳೆ ಕಾಣುತ್ತಿತ್ತು. ಟೆಕ್ನಿಸ್‌ನ ಮೈ ಆಕಾರ ಲೇಸಿಕ್‌ನಿಂದ ಬಂದ ಆ ದೋಷವನ್ನು ಸ್ವಲ್ಪ ಸರಿದೂಗಿಸುತ್ತದೆ. ಹಾಕಿದ ಮೇಲೆ ಯುವಿ ಬೆಳಕಿನಿಂದ ಪವರ್ ತಿದ್ದಬಹುದಾದ ಲೆನ್ಸ್ ಕೂಡ ಇದೆ, ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲಿ ಒಪ್ಪಿಗೆ ಕೊಟ್ಟದ್ದು. ನಮ್ಮಂಥವರಿಗೆ ಒಳ್ಳೇದೇ. ಆದರೆ ತಿದ್ದಿ ಮುಗಿಯೋವರೆಗೆ ವಾರಗಟ್ಟಲೆ ಯುವಿ ತಡೆಯೋ ಕನ್ನಡಕ ಬಿಡುವ ಹಾಗಿಲ್ಲ, ನನಗೆ ಅದು ಆಗಲ್ಲ ಅನ್ನಿಸಿತು. ನಂಬರ್ ತೆಗೆಯೋದಕ್ಕೆ ಕಾರ್ನಿಯಾಗೆ ಬ್ಲೇಡಿನಿಂದ ಗೀರು ಹಾಕಿಸಿಕೊಂಡ (ಆರ್‌ಕೆ ಅನ್ನುವ ಹಳೇ ಆಪರೇಷನ್) ಕಣ್ಣಾದರೆ ಬೆಳಗ್ಗೆ ಒಂದು ನಂಬರ್, ಸಂಜೆ ಒಂದು ನಂಬರ್. ಅಂಥವರು ಇನ್ನೂ ತಾಳ್ಮೆಯಿಂದ ಆರಿಸಬೇಕು.

ಎರಡನೇ ಕಣ್ಣಿಗೆ ಐದು ವಾರ ಕಾಯಿಸಿದರು. ಬೇಜಾರಾಯಿತು. ಒಂದು ಕಣ್ಣಲ್ಲಿ ಗೋಡೆ ಬೆಳ್ಳಗೆ, ಇನ್ನೊಂದರಲ್ಲಿ ಚಹಾ ಚೆಲ್ಲಿದ ಬಣ್ಣ. ಆದರೆ ಮೊದಲ ಕಣ್ಣು ಎಷ್ಟಕ್ಕೆ ನಿಂತಿತು ಅಂತ ನೋಡಿಯೇ ಎರಡನೇದಕ್ಕೆ ಪವರ್ ತಿದ್ದಿದರು, ಹಾಗಾಗಿ ಕಾದದ್ದು ಸಾರ್ಥಕ. ಈಗ ದೂರಕ್ಕೆ ಕನ್ನಡಕ ಬೇಡ. ಓದೋದಕ್ಕೆ ಬೇಕೇ ಬೇಕು, ದೀಪದ ಬಳೆ ಸಣ್ಣಗಾಗಿದೆ, ಪೂರ್ತಿ ಹೋಗಿಲ್ಲ. ಅರ್ಧ ಅಂಕ ಕಳೆದದ್ದು ಅದಕ್ಕೇ.

ಲೇಸಿಕ್‌ಗೆ ಮುಂಚಿನ ನಂಬರ್ ಬರೆದ ಹಳೇ ಚೀಟಿ ಮನೆಯಲ್ಲಿ ಎಲ್ಲಾದರೂ ಇದ್ದರೆ ಹುಡುಕಿ ತೆಗೆದುಕೊಂಡು ಹೋಗಿ. ಇಲ್ಲದಿದ್ದರೂ ಲೆಕ್ಕ ಹಾಕಬಹುದು, ಇದ್ದರೆ ತಾಳೆ ನೋಡೋದಕ್ಕೆ ಅನುಕೂಲ.