ಎರಡು ಸಲ ಏನೂ ಆಗಲಿಲ್ಲ, ಐದನೇ ಸಲ ಕಣ್ಣೇ ಮುಚ್ಚಿಹೋಯಿತು: ‘ಹರ್ಬಲ್’ ಹೇರ್ ಡೈ ಬಗ್ಗೆ ಎಚ್ಚರ

ಪ್ಯಾಕೆಟ್ ಮೇಲೆ ಹಸಿರು ಎಲೆ, "ನೂರಕ್ಕೆ ನೂರು ಗಿಡಮೂಲಿಕೆ, ಕೆಮಿಕಲ್ ಇಲ್ಲ" ಅನ್ನುವ ದೊಡ್ಡ ಅಕ್ಷರ, ಒಳಗೆ ಕೂದಲು ಕಪ್ಪು ಮಾಡುವ ಪುಡಿ. ಇಂಥದ್ದು ನಿಮ್ಮ ಮನೆಯಲ್ಲಿದ್ದರೆ ಇದನ್ನು ಪೂರ್ತಿ ಓದಿ, ಆಮೇಲೆ ಹಚ್ಚುವುದೋ ಬಿಡುವುದೋ ತೀರ್ಮಾನಿಸಿ. ಸ್ವಲ್ಪ ಉದ್ದ ಆಗುತ್ತದೆ. ಆದರೆ ನಾನು ಪಟ್ಟ ಪಾಡು ಇನ್ನೊಬ್ಬರಿಗೆ ಬೇಡ.

ನನಗೆ ಬೈತಲೆಯ ಎರಡೂ ಪಕ್ಕ ಬೇಗ ಬೆಳ್ಳಗಾಯಿತು. ಮಾಮೂಲಿ ಹೇರ್ ಡೈ ಹಚ್ಚಲು ಮೊದಲಿಂದಲೂ ಭಯ. ಮುಖಕ್ಕೆ, ಮೈಗೆ ಹಚ್ಚುವುದನ್ನೆಲ್ಲ ನೋಡಿ ನೋಡಿ ಆರಿಸುವವಳು ನಾನು, ಸೋಪಿನಿಂದ ಹಿಡಿದು ಲಿಪ್‌ಸ್ಟಿಕ್‌ವರೆಗೆ "ನ್ಯಾಚುರಲ್" ಅಂತ ಬರೆದಿದ್ದರೆ ಮಾತ್ರ ಕೊಳ್ಳುತ್ತಿದ್ದೆ. ಹಾಗಾಗಿ ಗೆಳತಿಯೊಬ್ಬಳು ತಾನು ವರ್ಷಗಳಿಂದ ಹಚ್ಚುತ್ತಿದ್ದ ಪುಡಿಯ ಬಗ್ಗೆ ಹೇಳಿದಾಗ ಸಂತೋಷವೇ ಆಯಿತು. "ಬರೀ ಮದರಂಗಿ ಮತ್ತೆ ಒಂದಷ್ಟು ಸೊಪ್ಪು ಕಣೇ, ಏನೂ ಆಗಲ್ಲ" ಎಂದು ತನ್ನ ಡಬ್ಬದಿಂದ ಒಂದು ಹಿಡಿ ಪೌಚ್ ತೆಗೆದುಕೊಟ್ಟಳು. ಡಬ್ಬವನ್ನು ನಾನು ನೋಡಲೇ ಇಲ್ಲ. ಈ ಮಾತು ನೆನಪಿಟ್ಟುಕೊಳ್ಳಿ, ಆಮೇಲೆ ಬರುತ್ತದೆ.

ನೀರಲ್ಲಿ ಕಲಸಿ ಹಚ್ಚಿ, ಅರ್ಧ ಗಂಟೆ ಬಿಟ್ಟು ತೊಳೆದೆ. ಕೂದಲು ಕಪ್ಪಗೆ ಮಿರಮಿರ ಮಿಂಚಿತು. ವಾಸನೆಯಿಲ್ಲ, ಉರಿಯಿಲ್ಲ. ಮುಂದಿನ ತಿಂಗಳು ಮತ್ತೆ ಹಚ್ಚಿದೆ, ಆಗಲೂ ಏನಿಲ್ಲ.

ಮೂರನೇ ಸಲ ಹಚ್ಚಿದ ಮರುದಿನ ಕಿವಿಯ ಹಿಂದೆ ನವೆ ಶುರುವಾಯಿತು. ಎರಡು ದಿನ ಇತ್ತು, ತಾನಾಗೇ ಹೋಯಿತು. ನಾಲ್ಕನೇ ಸಲ ಹಣೆಯ ಮೇಲೆ, ಕೂದಲು ಶುರುವಾಗುವ ಗೆರೆಯುದ್ದಕ್ಕೂ ಕೆಂಪಗೆ ಸಣ್ಣ ಸಣ್ಣ ಗುಳ್ಳೆ. ಬೆಳಿಗ್ಗೆ ಏಳುವಾಗ ಕಣ್ಣಿನ ರೆಪ್ಪೆ ಭಾರ. ನಾನು ಶಾಂಪೂ ಮೇಲೆ ಅನುಮಾನಪಟ್ಟೆ. ಶಾಂಪೂ ಬದಲಿಸಿದೆ, ದಿಂಬಿನ ಕವರ್ ಬದಲಿಸಿದೆ. ಪುಡಿಯ ಮೇಲೆ ಮಾತ್ರ ಅನುಮಾನ ಬರಲೇ ಇಲ್ಲ, ಯಾಕೆಂದರೆ ಅದು "ಹರ್ಬಲ್", ಜೊತೆಗೆ ಎರಡು ಸಲ ಏನೂ ಆಗಿರಲಿಲ್ಲವಲ್ಲ.

ಐದನೇ ಸಲ ಹಚ್ಚಿದ ರಾತ್ರಿಯೇ ನೆತ್ತಿ ಕಾದ ಹಾಗೆ ಅನಿಸಿತು. ಮರುದಿನ ತಲೆಯೆಲ್ಲ ಉರಿ. ಮೂರನೇ ಬೆಳಿಗ್ಗೆ ಎದ್ದರೆ ಕಣ್ಣು ತೆರೆಯಲು ಆಗಲಿಲ್ಲ. ಎರಡೂ ರೆಪ್ಪೆ ಊದಿ ಒಂದಕ್ಕೊಂದು ಅಂಟಿಕೊಂಡಿದ್ದವು. ನೆತ್ತಿಯಿಂದ ಹಳದಿ ನೀರು ಒಸರಿ ಕೂದಲು ಗಟ್ಟಿಯಾಗಿ ದಿಂಬಿಗೆ ಹಿಡಿದುಕೊಂಡಿತ್ತು. ಕಿವಿ ಎರಡರಷ್ಟು ದಪ್ಪ, ಕುತ್ತಿಗೆಯ ಹಿಂದೆ ಗಂಟು ಗಂಟು. ಕನ್ನಡಿಯಲ್ಲಿ ನೋಡಿಕೊಂಡಾಗ ಗುರುತೇ ಸಿಗಲಿಲ್ಲ. ಮಗಳು ಬಾಗಿಲಲ್ಲೇ ನಿಂತು ಅಳಲು ಶುರುಮಾಡಿದಳು.

ಪೌಚ್ ಮೇಲೆ ಒಂದು ನಂಬರ್ ಇತ್ತು. ಒಂದು ಕಣ್ಣನ್ನು ಬೆರಳಿನಿಂದ ಬಿಡಿಸಿಕೊಂಡು, ಫೋಟೊ ತೆಗೆದು ಕಳಿಸಿದೆ. ಐದು ನಿಮಿಷದಲ್ಲಿ ಉತ್ತರ ಬಂತು: "ಭಯಪಡಬೇಡಿ ಮೇಡಂ, ಹಳೇ ಕೆಮಿಕಲ್ ಎಲ್ಲ ಹೊರಗೆ ಬರ್ತಿದೆ, ಡಿಟಾಕ್ಸ್ ಆಗ್ತಿದೆ. ಎಣ್ಣೆ ಹಚ್ಚಿ, ಮುಂದಿನ ತಿಂಗಳು ತಪ್ಪದೆ ಬಳಸಿ." ಇದನ್ನು ನೆನೆಸಿಕೊಂಡರೆ ಈಗಲೂ ಕೈ ನಡುಗುತ್ತದೆ. ನಾನು ಆ ಮಾತು ನಂಬಿ ಮತ್ತೊಂದು ಸಲ ಹಚ್ಚಿದ್ದರೆ? ದಯವಿಟ್ಟು ತಿಳಿದುಕೊಳ್ಳಿ, ಚರ್ಮ ಊದಿ, ಉರಿದು, ನೀರು ಒಸರಿದರೆ ಯಾವ ವಿಷವೂ ಹೊರಗೆ ಹೋಗುತ್ತಿರುವುದಿಲ್ಲ. ಹಚ್ಚಿದ್ದನ್ನು ಮೈ ತಡೆದುಕೊಳ್ಳುತ್ತಿಲ್ಲ ಅಂತಲೇ ಅರ್ಥ. "ಮೊದಲು ಜಾಸ್ತಿ ಆಗುತ್ತದೆ, ಆಮೇಲೆ ಕಡಿಮೆ ಆಗುತ್ತದೆ" ಎನ್ನುವ ಮಾರಾಟಗಾರರ ಹತ್ತಿರ ಇನ್ನೊಂದು ಮಾತು ಬೇಡ.

ಚರ್ಮದ ಡಾಕ್ಟರ್ ನನ್ನನ್ನು ನೋಡಿದ ಕೂಡಲೇ ಕೇಳಿದ್ದು ಒಂದೇ. "ತಲೆಗೆ ಏನು ಹಚ್ಚಿದ್ರಿ?"

"ಬರೀ ಮದರಂಗಿ, ಡಾಕ್ಟರೇ."

"ಎಷ್ಟು ಹೊತ್ತಿಗೆ ಕಪ್ಪಾಯ್ತು?"

"ಅರ್ಧ ಗಂಟೆಗೆ."

"ಹಾಗಾದ್ರೆ ಅದು ಬರೀ ಮದರಂಗಿ ಅಲ್ಲಮ್ಮ."

ಮದರಂಗಿ ಎಲೆಯಲ್ಲಿರುವ ಬಣ್ಣದ ಅಂಶದ ಹೆಸರು ಲಾಸೋನ್. ಅದು ಕೊಡುವುದು ಕಿತ್ತಳೆ, ಕೆಂಪು, ಹೆಚ್ಚೆಂದರೆ ಕೆಂಪು ಮಿಶ್ರಿತ ಕಂದು. ಕಪ್ಪು ಕೊಡುವ ಶಕ್ತಿ ಅದಕ್ಕೆ ಇಲ್ಲವೇ ಇಲ್ಲ. ಬಣ್ಣ ಚೆನ್ನಾಗಿ ಹಿಡಿಯಲು ಗಂಟೆಗಟ್ಟಲೆ ಬೇಕು. ಬರೀ ಗಿಡದಿಂದಲೇ ಕಪ್ಪು ಬೇಕೆಂದರೆ ಮದರಂಗಿ ಹಚ್ಚಿ ತೊಳೆದು, ಅದರ ಮೇಲೆ ನೀಲಿ ಗಿಡದ ಎಲೆ ಪುಡಿ, ಅಂದರೆ ಇಂಡಿಗೋ, ಹಚ್ಚಬೇಕು. ಅದೂ ಮೊದಲು ಹಸಿರು ಹಸಿರಾಗಿ ಕಾಣಿಸಿ, ಗಾಢವಾಗಲು ಒಂದೆರಡು ದಿನ ತೆಗೆದುಕೊಳ್ಳುತ್ತದೆ. ಒಂದೇ ಪುಡಿ, ಒಂದೇ ಸಲ, ಅರ್ಧ ಗಂಟೆಯಲ್ಲಿ ಕಾಗೆಯ ಕಪ್ಪು ಬರುತ್ತದೆ ಎಂದರೆ ಅದರಲ್ಲಿ ಹೆಚ್ಚಾಗಿ ಪಿಪಿಡಿ ಅಥವಾ ಅದರ ಜಾತಿಯ ಇನ್ನೊಂದು ರಾಸಾಯನಿಕ ಇರುತ್ತದೆ. ಪಿಪಿಡಿ ಅಂದರೆ ಪ್ಯಾರಾ-ಫಿನೈಲೀನ್‌ಡಯಮೀನ್. ನಾನು ಅಷ್ಟು ವರ್ಷ ಭಯಪಟ್ಟು ದೂರ ಇಟ್ಟಿದ್ದ ಮಾಮೂಲಿ ಡೈಗಳಲ್ಲಿ ಇರುವುದೂ ಇದೇ.

ಊತ ಇಳಿಯಲು ಸ್ಟೀರಾಯ್ಡ್ ಮಾತ್ರೆ ತೆಗೆದುಕೊಳ್ಳಬೇಕಾಯಿತು. ನೆತ್ತಿ ಸರಿಹೋಗಲು ಮೂರು ವಾರ. ಆಮೇಲೆ ಕೂದಲೂ ಹಿಡಿ ಹಿಡಿ ಉದುರಿತು, ಈಗ ಮತ್ತೆ ಬರುತ್ತಿದೆ.

ಸ್ವಲ್ಪ ಸುಧಾರಿಸಿಕೊಂಡ ಮೇಲೆ ಗೆಳತಿಗೆ ಫೋನ್ ಮಾಡಿ ಆ ಡಬ್ಬ ತರಿಸಿದೆ. ಮುಂದೆ ಅದೇ ಎಲೆ, ಅದೇ "ಕೆಮಿಕಲ್ ಇಲ್ಲ". ಹಿಂದೆ ಆರು ಸೊಪ್ಪಿನ ಹೆಸರು. ಅಂಟಿಸಿದ್ದ ತಳದ ಮಡಿಕೆಯನ್ನು ಬಿಡಿಸಿದರೆ ಅಲ್ಲಿ, ಭೂತಗನ್ನಡಿ ಇಟ್ಟು ಓದುವಷ್ಟು ಸಣ್ಣ ಅಕ್ಷರದಲ್ಲಿ, ಪಿ-ಫಿನೈಲೀನ್‌ಡಯಮೀನ್, ಬೇರಿಯಂ ಪೆರಾಕ್ಸೈಡ್. ಅದರ ಕೆಳಗೆ "ಪ್ರತಿ ಸಲ ಬಳಸುವ 48 ಗಂಟೆ ಮೊದಲು ಚರ್ಮದ ಮೇಲೆ ಪರೀಕ್ಷಿಸಿ". ನನಗೆ ಸಿಕ್ಕಿದ್ದ ಪೌಚ್ ಮೇಲೆ ಇದ್ಯಾವುದೂ ಇರಲಿಲ್ಲ. ಸುಮ್ನೆ ಕುಳಿತು ಅತ್ತುಬಿಟ್ಟೆ.

ಇಲ್ಲಿ ಒಂದು ಮಾತು ನ್ಯಾಯವಾಗಿ ಹೇಳಬೇಕು. ಪಿಪಿಡಿ ಕದ್ದು ಮಾರುವ ವಸ್ತು ಅಲ್ಲ. ತುಂಬ ದೇಶಗಳಲ್ಲಿ ಹೇರ್ ಡೈಗೆ ಅನುಮತಿ ಇದೆ. ಯುರೋಪ್ ಒಕ್ಕೂಟದಲ್ಲಿ ತಲೆಗೆ ಹಚ್ಚುವ ಮಿಶ್ರಣದಲ್ಲಿ ಶೇ 2ಕ್ಕಿಂತ ಜಾಸ್ತಿ ಇರಬಾರದು ಎಂಬ ಮಿತಿ ಇದೆ, ಡಬ್ಬದ ಮೇಲೆ ಎಚ್ಚರಿಕೆ ಬರೆಯಲೇಬೇಕು. ಎಷ್ಟೋ ಜನ ಜೀವನಪೂರ್ತಿ ಹಚ್ಚಿಯೂ ಚೆನ್ನಾಗಿದ್ದಾರೆ. ನನ್ನ ಸಿಟ್ಟು ಅದನ್ನು ಹಾಕಿದ್ದಕ್ಕಿಂತ ಮುಚ್ಚಿಟ್ಟಿದ್ದಕ್ಕೆ. ಮುಂದೆಯೇ ಬರೆದಿದ್ದರೆ ನಾನು ಪರೀಕ್ಷೆ ಮಾಡುತ್ತಿದ್ದೆ, ಮೂರನೇ ಸಲದ ನವೆಗೇ ನಿಲ್ಲಿಸುತ್ತಿದ್ದೆ. ಇನ್ನು ಕೆಲವು ಪುಡಿಗಳ ಪಟ್ಟಿಯಲ್ಲಿ ಎಲ್ಲಿ ಹುಡುಕಿದರೂ ಈ ಹೆಸರು ಇರುವುದಿಲ್ಲ, ಆದರೆ ಒಳಗೆ ಇರುತ್ತದೆ. ಅಲ್ಲಿ ನಿಮಗೆ ಸಿಗುವ ಗುರುತು ಆ ಅರ್ಧ ಗಂಟೆಯ ಕಪ್ಪು ಒಂದೇ.

ಹಾಗಾದರೆ ಮೊದಲೆರಡು ಸಲ ಯಾಕೆ ಏನೂ ಆಗಲಿಲ್ಲ? ನನಗೆ ಅರ್ಥವಾಗಲು ಹೆಚ್ಚು ಹೊತ್ತು ಹಿಡಿದಿದ್ದು ಇದೇ, ಜನ ಮೋಸ ಹೋಗುವುದೂ ಇಲ್ಲೇ. ಪಿಪಿಡಿಯ ಕಣ ತುಂಬ ಚಿಕ್ಕದು, ಚರ್ಮದೊಳಗೆ ಸುಲಭವಾಗಿ ಇಳಿದು ನಮ್ಮದೇ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಮೈಯ ಕಾವಲು ಕಣಗಳು ಅದನ್ನು ಹೊರಗಿನದ್ದು ಎಂದು ಗುರುತಿಟ್ಟುಕೊಳ್ಳುತ್ತವೆ. ಗುರುತಿಟ್ಟುಕೊಳ್ಳುವ ಆ ಹಂತದಲ್ಲಿ ಹೊರಗೆ ಏನೂ ಕಾಣಿಸುವುದಿಲ್ಲ. ಅದು ಎರಡನೇ ಸಲಕ್ಕೇ ಆಗಬಹುದು, ಹತ್ತು ವರ್ಷದ ಮೇಲೂ ಆಗಬಹುದು. ಒಮ್ಮೆ ಗುರುತಾದ ಮೇಲೆ ಹಚ್ಚಿದಾಗಲೆಲ್ಲ ಜಗಳ. ಅದೂ ಹೆಚ್ಚಾಗಿ ಕೂಡಲೇ ಬರುವುದಿಲ್ಲ, ಒಂದು, ಎರಡು, ಮೂರು ದಿನ ಕಳೆದು ಬರುತ್ತದೆ. ಹಾಗಾಗಿ ನಮಗೆ ಹೇರ್ ಡೈ ನೆನಪಾಗುವುದೇ ಇಲ್ಲ, ನಿನ್ನೆ ತಿಂದಿದ್ದನ್ನೋ ಶಾಂಪೂವನ್ನೋ ಬೈಯುತ್ತೇವೆ. "ಇಷ್ಟು ವರ್ಷದಿಂದ ಹಚ್ಚುತ್ತಿದ್ದೇನೆ, ನನಗೆ ಆಗಿಬರುತ್ತದೆ" ಅನ್ನುವ ಮಾತಿಗೆ ಈ ವಿಷಯದಲ್ಲಿ ಬೆಲೆ ಇಲ್ಲ. ಪರೀಕ್ಷೆಯನ್ನು ಪ್ರತಿ ಸಲ ಮಾಡಿ ಎಂದು ಹೇಳುವುದೂ ಇದಕ್ಕೇ.

ಕೆಲವು ವಾರ ಬಿಟ್ಟು ಪ್ಯಾಚ್ ಟೆಸ್ಟ್ ಮಾಡಿದರು. ಬೆನ್ನಿಗೆ ಸಣ್ಣ ಸಣ್ಣ ಪಟ್ಟಿ ಅಂಟಿಸಿ ಎರಡು ದಿನ ಹಾಗೇ ಬಿಡುತ್ತಾರೆ, ಸ್ನಾನದಲ್ಲಿ ಬೆನ್ನು ನೆನೆಯಬಾರದು. 48 ಗಂಟೆಗೆ ತೆಗೆದು ನೋಡುತ್ತಾರೆ, ಮತ್ತೆರಡು ದಿನ ಬಿಟ್ಟು ಇನ್ನೊಮ್ಮೆ ನೋಡುತ್ತಾರೆ. ಪಿಪಿಡಿ ಇದ್ದ ಜಾಗ ಕೆಂಪಾಗಿ ಗುಳ್ಳೆ ಎದ್ದಿತ್ತು. ಅಮೆರಿಕದ ಚರ್ಮ ಅಲರ್ಜಿ ವೈದ್ಯರ ಸಂಘ 2006ರಲ್ಲಿ ಪಿಪಿಡಿಯನ್ನೇ "ವರ್ಷದ ಅಲರ್ಜನ್", ಅಂದರೆ ವರ್ಷದ ಅಲರ್ಜಿಕಾರಕ, ಎಂದು ಹೆಸರಿಸಿತ್ತು. ಡಾಕ್ಟರಿಗೆ ಹಳೆಯ ಪರಿಚಯ, ನನಗೆ ಹೊಸದು.

ಈ ಅಲರ್ಜಿ ವಾಪಸ್ ಹೋಗುವುದಿಲ್ಲ. ಜೊತೆಗೆ ಇದಕ್ಕೆ ನೆಂಟರು ಜಾಸ್ತಿ. ಬಾಯಿ ಮರಗಟ್ಟಿಸುವ ಕೆಲವು ಜೆಲ್, ಗಂಟಲು ನೋವಿನ ಕೆಲವು ಮಾತ್ರೆಗಳಲ್ಲಿ ಇರುವ ಬೆಂಜೊಕೇನ್, ಬಟ್ಟೆಯ ಕೆಲವು ಗಾಢ ಬಣ್ಣ, ಕಪ್ಪು ರಬ್ಬರ್, ಕೆಲವು ಸಲ್ಫಾ ಔಷಧಿ. ಪಿಪಿಡಿ ಆಗದವರಲ್ಲಿ ಕೆಲವರಿಗೆ ಇವೂ ಆಗುವುದಿಲ್ಲ. ಈಗ ಹಲ್ಲಿನ ಡಾಕ್ಟರ್ ಹತ್ತಿರ ಹೋದರೂ ಕುರ್ಚಿಯಲ್ಲಿ ಕೂರುವ ಮುಂಚೆ ಹೇಳಬೇಕು. ಒಂದು ಪುಡಿಯಿಂದ ಶುರುವಾಗಿದ್ದು ಎಲ್ಲಿಯವರೆಗೆ ಬಂತು ನೋಡಿ.

ಲೇಬಲ್ ಓದುವವರಿಗೆ ನಾನು ಕಲಿತಿದ್ದನ್ನು ಹೇಳುತ್ತೇನೆ. ಪಿಪಿಡಿಗೆ ಬೇರೆ ಬೇರೆ ಹೆಸರಿವೆ: 1,4-ಬೆಂಜೀನ್‌ಡಯಮೀನ್, 1,4-ಡಯಮಿನೊಬೆಂಜೀನ್, ಸಿಐ 76060. ಪುಡಿಯಲ್ಲಿ ಬೇರಿಯಂ ಪೆರಾಕ್ಸೈಡ್ ಅಥವಾ ಸೋಡಿಯಂ ಪರ್ಬೋರೇಟ್ ಇದ್ದರೆ ಅದು ಬಣ್ಣ ಅರಳಿಸಲು ಹಾಕಿದ್ದು, ಬರೀ ಎಲೆ ಪುಡಿಗೆ ಅದರ ಅಗತ್ಯವಿಲ್ಲ. "ಅಮೋನಿಯಾ ಫ್ರೀ" ನೋಡಿ ಸಮಾಧಾನಪಡಬೇಡಿ, ಅಮೋನಿಯಾಗೂ ಪಿಪಿಡಿಗೂ ಸಂಬಂಧವಿಲ್ಲ, ಅಮೋನಿಯಾ ತೆಗೆದು ಪಿಪಿಡಿ ಹಾಗೇ ಇಟ್ಟಿರುತ್ತಾರೆ. "ಪಿಪಿಡಿ ಫ್ರೀ" ಎಂದರೂ ಪಟ್ಟಿ ನೋಡಿ. ಅದರ ಬದಲು ಟೊಲುಯೀನ್-2,5-ಡಯಮೀನ್ ಇರಬಹುದು, ಪಿಪಿಡಿ ಆಗದ ಎಷ್ಟೋ ಜನರಿಗೆ ಅದೂ ಆಗುವುದಿಲ್ಲ. "ನ್ಯಾಚುರಲ್", "ಕ್ಲೀನ್", "ನಾನ್ ಟಾಕ್ಸಿಕ್" ಪದಗಳಿಗೆ ಅಮೆರಿಕದ ಆಹಾರ, ಔಷಧಿ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ನಿಯಮದಲ್ಲಿ ಕೂಡ ಕಾಸ್ಮೆಟಿಕ್‌ಗಳ ಮಟ್ಟಿಗೆ ಅರ್ಥ ಕೊಟ್ಟಿಲ್ಲ. ಅಲರ್ಜಿ ಕಡಿಮೆ ಎನ್ನಲು ಬರೆಯುವ "ಹೈಪೋಅಲರ್ಜೆನಿಕ್" ಕೂಡ ಹಾಗೇ. ಯಾರು ಬೇಕಾದರೂ ಬರೆದುಕೊಳ್ಳಬಹುದು. ಮೊಲದ ಚಿತ್ರ ಇದ್ದರೆ ಅದು ಪ್ರಾಣಿಗಳ ಮೇಲೆ ಪರೀಕ್ಷಿಸಿಲ್ಲ ಎನ್ನಲು, ನಿಮ್ಮ ಚರ್ಮಕ್ಕೆ ಒಗ್ಗುತ್ತದೆ ಎನ್ನಲು ಅಲ್ಲ.

ನಿಜವಾದ ಮದರಂಗಿಯೂ ಎಲ್ಲರಿಗೂ ಒಳ್ಳೆಯದೇ ಅಂದುಕೊಳ್ಳಬೇಡಿ. ಜಿ6ಪಿಡಿ ಎನ್ನುವ, ಕೆಂಪು ರಕ್ತಕಣವನ್ನು ಕಾಪಾಡುವ ಕಿಣ್ವದ ಕೊರತೆ ಇರುವವರಿಗೆ, ಅದರಲ್ಲೂ ಹಸುಗೂಸುಗಳಿಗೆ, ಅದರಿಂದ ಕೆಂಪು ರಕ್ತಕಣ ಒಡೆಯುವ ಅಪಾಯ ಇದೆ.

ಮಕ್ಕಳಿಗೆ ಕೈ ಮೇಲೆ ಬಿಡಿಸುವ "ಬ್ಲ್ಯಾಕ್ ಹೆನ್ನಾ" ಟ್ಯಾಟೂ ಬಗ್ಗೆಯಂತೂ ಕೈ ಮುಗಿದು ಹೇಳುತ್ತೇನೆ, ಬೇಡ. ಕಪ್ಪು ಬರಲು ಅದರಲ್ಲೂ ಪಿಪಿಡಿ ಬೆರೆಸುತ್ತಾರೆ, ಎಷ್ಟು ಬೆರೆಸಿದರು ಎಂದು ಯಾರಿಗೂ ಗೊತ್ತಿಲ್ಲ, ನೇರ ಚರ್ಮದ ಮೇಲೆ ಗಂಟೆಗಟ್ಟಲೆ ಇರುತ್ತದೆ. ಅಮೆರಿಕ, ಯುರೋಪ್ ಎರಡು ಕಡೆಯೂ ಪಿಪಿಡಿಯನ್ನು ಹೀಗೆ ಚರ್ಮಕ್ಕೆ ಹಚ್ಚಲು ಅನುಮತಿ ಇಲ್ಲ. ಚಿಕ್ಕವರಿದ್ದಾಗ ಟ್ಯಾಟೂವಿನಿಂದ ಅಲರ್ಜಿ ಕೂತು, ದೊಡ್ಡವರಾಗಿ ಮೊದಲ ಸಲ ಡೈ ಹಚ್ಚಿದ್ದಕ್ಕೇ ಮುಖ ಊದಿದವರಿದ್ದಾರೆ. ನನ್ನ ಮಗಳಿಗೆ ಹದಿಮೂರು. ಕಳೆದ ವರ್ಷ ಅವಳ ಕೈ ಮೇಲೆ ಅಂಥ ಚಿಟ್ಟೆಯೊಂದನ್ನು ಬಿಡಿಸಿಕೊಳ್ಳಲು ನಾನೇ ಬಿಟ್ಟಿದ್ದೆ. ಅದರ ಯೋಚನೆ ನನ್ನನ್ನು ಬಿಟ್ಟಿಲ್ಲ.

ನಿಮಗೆ ಈಗಾಗಲೇ ಹೀಗೆ ಆಗಿದ್ದರೆ: ತಲೆಯಲ್ಲಿ ಇನ್ನೂ ಡೈ ಇರುವಾಗಲೇ ನವೆ, ಉರಿ ಶುರುವಾದರೆ "ಬಣ್ಣ ಹಿಡಿಯಲಿ" ಎಂದು ಕಾಯಬೇಡಿ, ತಕ್ಷಣ ಜಾಸ್ತಿ ನೀರಲ್ಲಿ ತೊಳೆಯಿರಿ. ತುಟಿ, ನಾಲಿಗೆ ಊದಿದರೆ, ಉಸಿರು ಕಟ್ಟಿದರೆ ಆ ನಿಮಿಷವೇ ಆಸ್ಪತ್ರೆ. ಪೌಚ್, ಡಬ್ಬ ಎಸೆಯಬೇಡಿ, ಡಾಕ್ಟರಿಗೆ ತೋರಿಸಿ. ಒಮ್ಮೆ ಆದವರು ಮನೆಯಲ್ಲೇ "ಸ್ವಲ್ಪ ಹಚ್ಚಿ ನೋಡೋಣ" ಎಂದು ಪರೀಕ್ಷೆ ಮಾಡಲೇಬೇಡಿ, ಅದನ್ನು ಚರ್ಮದ ಡಾಕ್ಟರಿಗೆ ಬಿಡಿ.

ಆ ಪುಡಿ ಕೊಟ್ಟ ಗೆಳತಿಯ ಮೇಲೆ ನನಗೆ ಬೇಸರವಿಲ್ಲ, ಅವಳಿಗೂ ಗೊತ್ತಿರಲಿಲ್ಲ. ನನ್ನ ಮುಖ ನೋಡಿದ ಮೇಲೂ "ನನಗೇನೂ ಆಗಿಲ್ಲವಲ್ಲ" ಎಂದು ಹಚ್ಚುವುದನ್ನು ಅವಳು ಬಿಟ್ಟಿರಲಿಲ್ಲ. ಮೊನ್ನೆ ರಾತ್ರಿ ಫೋನ್ ಮಾಡಿದಳು. ಎರಡು ದಿನದಿಂದ ಕಿವಿಯ ಹಿಂದೆ ನವೆಯಂತೆ. ಇವತ್ತು ಇದನ್ನು ಬರೆಯಲು ಕೂತಿದ್ದು ಆ ಫೋನ್ ಬಂದಿದ್ದಕ್ಕೇ. ನಾಳೆ ಬೆಳಿಗ್ಗೆ ಅವಳನ್ನು ನಾನೇ ಕರೆದುಕೊಂಡು ಹೋಗುತ್ತಿದ್ದೇನೆ, ಆ ಡಬ್ಬವನ್ನೂ ತೆಗೆದುಕೊಂಡು.